ಗರಡಿ ಬೀದಿಯ ಸಪ್ಪೆ ಸಾರು

ನಾನು ಈ ಊರಿಗೆ ಬಂದ ದಿನ ಬಸ್ಸಿನಿಂದ ಇಳಿದು, ಸೂಟ್‌ಕೇಸ್ ಎಳೆದುಕೊಂಡು ಆಸ್ಪತ್ರೆ ಬೀದಿ ಹುಡುಕುತ್ತಾ ಹೊರಟಿದ್ದೆ. ಇದ್ದಕ್ಕಿದ್ದಂತೆ ಬಾಯಲ್ಲಿ ಬದನೆಕಾಯಿ ಎಣ್ಣೆಗಾಯಿಯ ರುಚಿ ಬಂತು. ಬೆಳಗ್ಗಿನಿಂದ ನಾನು ಏನೂ ತಿಂದಿರಲಿಲ್ಲ. ತಿರುವು ದಾಟಿದೆ. ಎಣ್ಣೆಗಾಯಿ ಹೋಗಿ ಮೊಸರನ್ನ, ಮಾವಿನ ಮಿಡಿ ಬಂತು. ಗಾಬರಿಯಾಗಿ ನಿಂತು ಅಕ್ಕಪಕ್ಕ ನೋಡಿದೆ. ಬಾಗಿಲ ಮುಂದೆ ಗುಡಿಸುತ್ತಿದ್ದ ಹೆಂಗಸೊಬ್ಬಳು ಪೊರಕೆ ನಿಲ್ಲಿಸಿ, "ಹೊಸಬ್ರಾ? ಇನ್ನೊಂದು ಬೀದಿ ಮುಂದಕ್ಕೆ ಹೋಗಿ, ಅಲ್ಲಿ ಇವತ್ತು ಹೋಳಿಗೆ ಮಾಡಿದಾರೆ," ಎಂದಳು. ಈ ಊರಿನ ಬಗ್ಗೆ ನನಗೆ ಯಾರಾದರೂ ಕೊಟ್ಟ ವಿವರಣೆ ಅಷ್ಟೇ.

ಇಲ್ಲಿ ಒಬ್ಬರ ನಾಲಿಗೆಗೆ ಬಿದ್ದದ್ದು ಆ ಬೀದಿಯವರಿಗೆಲ್ಲ ರುಚಿಸುತ್ತದೆ. ಹೊಟ್ಟೆ ಮಾತ್ರ ತಿಂದವರದ್ದೇ ತುಂಬುತ್ತದೆ. ತಮ್ಮ ಊಟ ಬಾಯಲ್ಲಿರುವಾಗ ಬೇರೆಯವರದು ಹಿಂದೆ ಸಣ್ಣಗೆ ಕೇಳಿಸುತ್ತಿರುತ್ತದೆ, ಪಕ್ಕದ ಮನೆಯ ರೇಡಿಯೋ ಹಾಗೆ. ಇದಕ್ಕೆ ಊರಿನವರು ಎಷ್ಟು ಹೊಂದಿಕೊಂಡಿದ್ದಾರೆಂದರೆ, ಹೆಣ್ಣು ನೋಡಲು ಬರುವ ಗಂಡಿನ ಕಡೆಯವರು ಮೊದಲು ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಬೀದಿಯ ತುದಿಯಲ್ಲಿ ನಿಂತು ಹೋಗುತ್ತಾರೆ. ಉಪವಾಸ ಮಾಡುವವರು ಬೀದಿಯ ರುಚಿ ತಾಗದ ಕೆರೆ ಏರಿಯ ಮೇಲೆ ಹೋಗಿ ಕೂರುತ್ತಾರೆ. ಜಗಳವಾದರೆ ಬೈದಾಡುವುದಿಲ್ಲ, ಬೇವಿನ ಚಿಗುರು ಅಗಿಯುತ್ತಾರೆ. ಮಗುವಿಗೆ ಜ್ವರದ ಔಷಧ ಕುಡಿಸುವಾಗ ಬೀದಿಗೆ ಬೀದಿಯೇ ಮುಖ ಕಿವುಚಿಕೊಂಡು, "ನುಂಗೋ ಮರಿ, ಬೇಗ ನುಂಗು," ಎಂದು ಕಿಟಕಿಯಿಂದ ಕೂಗುತ್ತದೆ.

ನನಗೆ ಆಸ್ಪತ್ರೆ ಬೀದಿಯಲ್ಲೇ ಕ್ವಾರ್ಟರ್ಸ್ ಕೊಟ್ಟಿದ್ದರು. ನನಗೆ ಹಾಗಲಕಾಯಿ ಎಂದರೆ ಪ್ರಾಣ. ಬಂದ ವಾರವೇ ಮೂರು ಸಲ ಹಾಗಲಕಾಯಿ ಗೊಜ್ಜು ಮಾಡಿದೆ. ಮಾರನೆಯ ವಾರ ಆಸ್ಪತ್ರೆಯ ಸೂಪರಿಂಟೆಂಡೆಂಟ್ ನನ್ನನ್ನು ಕರೆಸಿ, ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ಹೆರಿಗೆ ವಾರ್ಡಿನ ಬಾಣಂತಿಯರ ಪರವಾಗಿ ಬೇಡಿಕೊಂಡರು. ಅಂದಿನಿಂದ ಭಾನುವಾರಕ್ಕೊಮ್ಮೆ ಡಬ್ಬಿ ತೆಗೆದುಕೊಂಡು ನಾನೂ ಕೆರೆ ಏರಿಗೆ ಹೋಗುತ್ತೇನೆ. ಅಲ್ಲಿ ಉಪವಾಸ ಕೂತವರು ನನ್ನನ್ನು ಕಂಡರೆ ಎದ್ದು ದೂರ ಹೋಗುತ್ತಾರೆ.

ನನ್ನ ಕೆಲಸ ಏನೆಂದು ತಿಳಿಸಿಕೊಡುವುದು ಇದಕ್ಕಿಂತ ಕಷ್ಟವಾಯಿತು. ಕ್ಲಿನಿಕಲ್ ಫಾರ್ಮಸಿಸ್ಟ್ ಎಂದೆ. "ಮೆಡಿಕಲ್ ಶಾಪಾ?" ಎಂದರು. ಅಲ್ಲ. "ಡಾಕ್ಟ್ರಾ?" ಅಲ್ಲ. "ನರ್ಸಮ್ಮನಾ?" ಅದೂ ಅಲ್ಲ. "ಹಂಗಾದ್ರೆ ಸಂಬಳ ಯಾತಕ್ ಕೊಡ್ತಾರೆ?" ಡಾಕ್ಟರು ಬರೆದ ಮಾತ್ರೆ ನಿಮ್ಮ ಹೊಟ್ಟೆಗೆ ಹೋದ ಮೇಲೆ ಏನು ಮಾಡುತ್ತಿದೆ, ಇನ್ನೊಂದು ಮಾತ್ರೆಯ ಜೊತೆ ಜಗಳ ಆಡುತ್ತಿದೆಯೇ, ನಿಮಗೆ ನಿಜಕ್ಕೂ ಬೇಕೇ, ಇದನ್ನೆಲ್ಲ ಹಿಂದೆ ಬಿದ್ದು ನೋಡುವವಳು ನಾನು ಎಂದೆ. ಅವರು ತಲೆಯಾಡಿಸಿ ನನಗೆ ಮಾತ್ರೆ ಮೇಡಂ ಎಂದು ಹೆಸರಿಟ್ಟು ಕೈತೊಳೆದುಕೊಂಡರು. ಸುಲೋಚನಾ ಎಂಬ ನನ್ನ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತದೆ.

ನಾನು ಕೂರುವುದು ಮನೋರೋಗ ವಿಭಾಗದಲ್ಲಿ, ಡಾಕ್ಟರ್ ಹಬೀಬಾ ಅವರ ಪಕ್ಕದ ಕುರ್ಚಿಯಲ್ಲಿ. ಅವರು ಮನುಷ್ಯನನ್ನು ನೋಡುತ್ತಾರೆ, ನಾನು ಆ ಮನುಷ್ಯನ ಬಾಯಿಗೆ ಹೋಗುವುದನ್ನೆಲ್ಲ ನೋಡುತ್ತೇನೆ. ಕಾಲುನೋವಿಗೆ ಬೇರೆ ಡಾಕ್ಟರು ಕೊಟ್ಟದ್ದು, ನೆಗಡಿಗೆ ಅಂಗಡಿಯವನೇ ಕೊಟ್ಟದ್ದು, ಅತ್ತೆ ಕುದಿಸಿಕೊಟ್ಟ ಕಷಾಯ, ಎಲ್ಲವೂ ನನಗೆ ಬೇಕು. ಆಮೇಲೆ ಇಬ್ಬರೂ ಸೇರಿ ವಾದ ಮಾಡುತ್ತೇವೆ. ಹಬೀಬಾ ಮೇಡಂ ವಾದದಲ್ಲಿ ಸೋತರೆ ಬೇಸರ ಮಾಡಿಕೊಳ್ಳುವುದಿಲ್ಲ. ನಾನು ಮಾಡಿಕೊಳ್ಳುತ್ತೇನೆ.

ನಾನು ಹಿಂದೆ ಕೆಲಸ ಮಾಡಿದ ಊರುಗಳಲ್ಲಿ ಮನಸ್ಸಿನ ಕಾಯಿಲೆಯ ಮಾತ್ರೆಯನ್ನು ಜನ ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಿದ್ದರು. ಇಲ್ಲಿ ಬಚ್ಚಿಟ್ಟು ಏನು ಮಾಡುವುದು? ರಾತ್ರಿ ಊಟವಾದ ಮೇಲೆ ಒಂದು ಮನೆಯಲ್ಲಿ ಮಾತ್ರೆ ನುಂಗಿದರೆ ಬೀದಿಯ ಅಷ್ಟೂ ಬಾಯಿಗೆ ಕಹಿ ಹತ್ತುತ್ತದೆ. ಮೊದಮೊದಲು ಯಾರದಿರಬಹುದು ಎಂದು ಪಿಸುಗುಟ್ಟುತ್ತಿದ್ದರಂತೆ. ಆಮೇಲೆ ಬಹುಪಾಲು ಎಲ್ಲ ಬೀದಿಯಲ್ಲೂ ಅಂಥದೊಂದು ಕಹಿ ಇದೆ ಎಂದು ಗೊತ್ತಾಗಿ ಪಿಸುಗುಡುವುದೂ ನಿಂತಿತು. ಈಗ ಯಾರಾದರೂ ಮಾತ್ರೆ ಮರೆತರೆ ಪಕ್ಕದ ಮನೆಯವರು ಗೋಡೆ ತಟ್ಟುತ್ತಾರೆ.

ಹಳೇ ಗರಡಿ ಬೀದಿಯ ಮಾತ್ರೆ ಟೈಲರ್ ದತ್ತೋಬನದು. ಅವನಿಗೆ ನಲವತ್ತೆಂಟೋ ಐವತ್ತೋ ಇರಬೇಕು. ಊರಿನಲ್ಲಿ ಅವನಷ್ಟು ಚೊಕ್ಕಟವಾಗಿ ಅಂಗಿಗೆ ಕಾಜಾ ಹೊಲಿಯುವವರಿಲ್ಲ, ಗುಂಡಿ ತಾನಾಗಿಯೇ ಒಳಗೆ ಹೋಗಿ ಕೂರುತ್ತದೆ. ಹಿಂದೊಮ್ಮೆ ಅವನು ವಾರಗಟ್ಟಲೆ ನಿದ್ದೆ ಬಿಟ್ಟು, ಬೀದಿಯ ಮಕ್ಕಳಿಗೆಲ್ಲ ಬಿಟ್ಟಿ ಯೂನಿಫಾರಂ ಎಂದು ಸಾರಿ, ಬಟ್ಟೆ ಸಾಲದೆ ಮನೆಮನೆಯ ಪರದೆ ಕತ್ತರಿಸಿ, ಒಂದೇ ಅಂಗಿಗೆ ನಾಲ್ಕು ತೋಳು ಹೊಲಿದಿದ್ದನಂತೆ. ಅದಾದ ಮೇಲೆ ಗೋಡೆ ಕಡೆ ಮುಖ ಮಾಡಿ ತಿಂಗಳುಗಟ್ಟಲೆ ಮಲಗಿಬಿಟ್ಟ. ಹಬೀಬಾ ಮೇಡಂ ಲಿಥಿಯಂ ಮಾತ್ರೆ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಸರಿಹೊಂದಿಸಿ ಅವನನ್ನು ಹೊಲಿಗೆ ಯಂತ್ರದ ಮುಂದೆ ತಂದು ಕೂರಿಸಿದರು. ಅಂದಿನಿಂದ ವರ್ಷಗಳೇ ಕಳೆದವು, ದತ್ತೋಬ ಮತ್ತೆ ಹಾಸಿಗೆ ಹಿಡಿದಿರಲಿಲ್ಲ.

ಈ ಲಿಥಿಯಂ ಬಹಳ ಒಳ್ಳೆಯ ಔಷಧ, ಬಹಳ ಕಿರಿಕಿರಿಯ ಔಷಧ ಕೂಡ. ಮೈಯಲ್ಲಿ ಕಡಿಮೆಯಾದರೆ ಪ್ರಯೋಜನವಿಲ್ಲ, ಒಂದಿಷ್ಟು ಜಾಸ್ತಿಯಾದರೆ ವಿಷ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡುತ್ತಿರಬೇಕು. ಅದನ್ನು ನುಂಗಿದರೆ ಬಾಯಲ್ಲಿ ತಗಡು ನೆಕ್ಕಿದಂಥ ರುಚಿ ಉಳಿಯುತ್ತದೆ. ಗರಡಿ ಬೀದಿಯವರು ದಿನಾ ರಾತ್ರಿ ಆ ತಗಡನ್ನು ನೆಕ್ಕಿಯೇ ಮಲಗುತ್ತಿದ್ದರು. ನಾನು ಬಂದ ಹೊಸತರಲ್ಲಿ ದತ್ತೋಬನನ್ನೂ ಅವನ ಹೆಂಡತಿ ಅನಸೂಯಾಳನ್ನೂ ಕೂರಿಸಿಕೊಂಡು ಹೇಳಿದ್ದೆ: ನೀರು ಚೆನ್ನಾಗಿ ಕುಡಿಯಬೇಕು, ನನ್ನನ್ನು ಕೇಳದೆ ನೋವಿನ ಮಾತ್ರೆ ನುಂಗಬಾರದು, ಊಟದಲ್ಲಿ ಉಪ್ಪನ್ನು ಹಠಾತ್ತಾಗಿ ಏರಿಸುವುದು ಇಳಿಸುವುದು ಮಾಡಬಾರದು. ಇಬ್ಬರೂ ಪಾಠ ಒಪ್ಪಿಸುವ ಮಕ್ಕಳ ಹಾಗೆ ತಿರುಗಿ ಹೇಳಿದ್ದರು.

ಹಾಗಿರುವಾಗ ಒಂದು ಬೆಳಿಗ್ಗೆ ಅನಸೂಯಾ ಗಂಡನ ಕೈಹಿಡಿದುಕೊಂಡು ನಮ್ಮ ಕೋಣೆಗೆ ಬಂದಳು. ದತ್ತೋಬನ ಕೈ ನಡುಗುತ್ತಿತ್ತು. ಹಿಂದೆಯೂ ಸಣ್ಣ ನಡುಕ ಇತ್ತು, ಇದು ಹಾಗಲ್ಲ, ಕುರ್ಚಿಯ ಹಿಡಿ ಟಕಟಕ ಸದ್ದು ಮಾಡುತ್ತಿತ್ತು. ಅನಸೂಯಾ ಚೀಲದಿಂದ ಒಂದು ಅಂಗಿ ತೆಗೆದು ಮೇಜಿನ ಮೇಲೆ ಹರಡಿದಳು. ಕಾಜಾಗಳೆಲ್ಲ ಸೊಟ್ಟಸೊಟ್ಟ.

"ನಿದ್ದೆ ಇಲ್ಲ ಮೇಡಂ. ಎದ್ದು ಓಡಾಡ್ತಾರೆ. ಏನೋ ಹೇಳೋಕ್ ಹೋಗಿ ಅರ್ಧಕ್ಕೇ ಬಿಡ್ತಾರೆ. ಹೊಟ್ಟೆ ಬೇರೆ ಕೆಟ್ಟಿದೆ," ಎಂದಳು. ಮತ್ತೆ ತಗ್ಗಿದ ದನಿಯಲ್ಲಿ, "ಅದೇ ಮತ್ತೆ ಶುರುವಾಯ್ತಾ ಮೇಡಂ? ಆ ಪರದೆ ಕತ್ತರಿಸಿದ್ದು," ಎಂದು ಕೇಳಿದಳು.

ಹಬೀಬಾ ಮೇಡಂ ಅವನನ್ನು ನಿಲ್ಲಿಸಿ, ನಡೆಸಿ, ಮಾತಾಡಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಸನ್ನೆ ಮಾಡಿದರು. ನಾವಿಬ್ಬರೂ ಕಿಟಕಿಯ ಬಳಿ ಹೋದೆವು. "ನಿದ್ದೆ ಬಿಟ್ಟಿರೋದು, ಚಡಪಡಿಕೆ ನೋಡಿದ್ರೆ ಕಾಯಿಲೆ ತಿರುಗಿ ಬರ್ತಿರೋ ಹಾಗಿದೆ. ಹಾಗಿದ್ರೆ ಮಾತ್ರೆ ಏರಿಸ್ಬೇಕು," ಎಂದರು. "ಹೊಟ್ಟೆ ಕೆಟ್ಟಿರೋದು, ಈ ನಡುಕ ನೋಡಿದ್ರೆ ಲಿಥಿಯಂ ಮೈಯಲ್ಲಿ ಜಾಸ್ತಿ ಆಗಿರೋ ಹಾಗಿದೆ. ಹಾಗಿದ್ರೆ ಇವತ್ತೇ ನಿಲ್ಲಿಸ್ಬೇಕು," ಎಂದೆ ನಾನು. ಎರಡೂ ಸರಿಯೆನಿಸುವಂತಿದ್ದವು. ನಿಲ್ಲಿಸಿದ್ದು ತಪ್ಪಾದರೆ ದತ್ತೋಬ ಮತ್ತೆ ಹಳೆಯ ಕಾಯಿಲೆಯ ಬಾಯಿಗೆ, ಏರಿಸಿದ್ದು ತಪ್ಪಾದರೆ ಸಾವಿನ ಬಾಯಿಗೆ. ರಕ್ತವನ್ನು ದೊಡ್ಡ ಊರಿನ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿದೆವು, ಉತ್ತರ ಬರುವುದು ಮಾರನೆಯ ದಿನ.

ನಾನು ದತ್ತೋಬನ ಮುಂದೆ ಕೂತು ನನ್ನ ಪ್ರಶ್ನೆಗಳನ್ನೆಲ್ಲ ಕೇಳಿದೆ. ನೋವಿನ ಮಾತ್ರೆ? ಇಲ್ಲ. ಬೇರೆ ಡಾಕ್ಟರ ಔಷಧ? ಇಲ್ಲ. ನೀರು? ಕುಡೀತೀನಿ. ಊಟ?

"ಎಲ್ರ ಮನೇಲಿ ಹೆಂಗೋ ಹಂಗೇ ಮೇಡಂ," ಎಂದ ದತ್ತೋಬ, ಮಾತು ಸ್ವಲ್ಪ ತೊದಲಿತು. ಅನಸೂಯಾ ತಲೆ ತಗ್ಗಿಸಿ ಅಂಗಿ ಮಡಚತೊಡಗಿದಳು. ಅವಳು ಅಂಗಿ ಮಡಚಿದ ರೀತಿ ನನಗೆ ಹಿಡಿಸಲಿಲ್ಲ. ಆದರೆ ಎಷ್ಟು ಕೆದಕಿದರೂ ಇಬ್ಬರೂ ಅದನ್ನೇ ಹೇಳಿದರು.

ಇವತ್ತೇ ವಾರ್ಡಿಗೆ ಸೇರು ಎಂದರೆ ದತ್ತೋಬ ಒಪ್ಪಲಿಲ್ಲ, ಶಾಲೆಯ ಯೂನಿಫಾರಂ ಬಾಕಿ ಇದೆ ಎಂದ. ಹಬೀಬಾ ಮೇಡಂ ಪೆನ್ನಿನ ಮುಚ್ಚಳ ಹಾಕಿ, "ರಾತ್ರಿ ಮಾತ್ರೆ ನಾನು ಹೇಳೋವರೆಗೂ ಮುಟ್ಟಬೇಡಿ," ಎಂದು ಅವರನ್ನು ಕಳಿಸಿದರು. ಆಮೇಲೆ ನನಗೆ, "ಏರಿಸೋದೋ ನಿಲ್ಲಿಸೋದೋ, ಸಂಜೆ ಒಳಗೆ ನಂಗೊಂದು ಸುಳಿವು ಬೇಕು ಸುಲೋಚನಾ. ಅವರ ಮನೇಗ್ ಹೋಗಿ ನೋಡ್ಕೊಂಡ್ ಬನ್ನಿ," ಎಂದರು.

ಊಟದ ಹೊತ್ತಿಗೇ ಹೋಗಬೇಕೆಂದು ಕಾದು ಹೊರಟೆ. ಗರಡಿ ಬೀದಿಗೆ ಹೋಗಲು ಬಳೆ ಬೀದಿ ದಾಟಬೇಕು. ಬಳೆ ಬೀದಿಯಲ್ಲಿ ಅವತ್ತು ಯಾರೋ ಹುಚ್ಚೆಳ್ಳು ಚಟ್ನಿ, ಯಾರೋ ಹುರುಳಿ ಬಸ್ಸಾರು ಮಾಡಿದ್ದರು. ಬಾಯಿ ಚಪ್ಪರಿಸಿಕೊಂಡು ಗರಡಿ ಬೀದಿಗೆ ತಿರುಗಿದೆ. ತಿರುಗಿದ ತಕ್ಷಣ ನನ್ನ ನಾಲಿಗೆ ಸತ್ತುಹೋಯಿತು ಅಂದುಕೊಂಡೆ. ಮೆಣಸು ಇದೆ, ಜೀರಿಗೆ ಇದೆ, ಟೊಮೇಟೊ ಇದೆ, ಯಾರದೋ ಮನೆಯ ಹೀರೆಕಾಯಿ ಪಲ್ಯವೂ ಇದೆ. ಆದರೆ ಎಲ್ಲವೂ ಒದ್ದೆ ಕಾಗದ ಅಗಿದ ಹಾಗಿತ್ತು. ಹಿಂದಕ್ಕೆ ಬಳೆ ಬೀದಿಗೆ ಹೋದೆ, ಚಟ್ನಿ ಬಂತು. ಮುಂದಕ್ಕೆ ಬಂದೆ, ಸಪ್ಪೆ. ಹೀಗೆ ತಿರುವಿನಲ್ಲಿ ಹಿಂದೆ ಮುಂದೆ ಮಾಡುತ್ತಿದ್ದುದನ್ನು ನೋಡಿ ಸೈಕಲ್ ಅಂಗಡಿಯವನು, "ಏನ್ ಕಳ್ಕಂಡ್ರಿ ಮಾತ್ರೆ ಮೇಡಂ?" ಎಂದು ಕೇಳಿದ.

"ಉಪ್ಪು," ಎಂದೆ.

ಬೀದಿಯ ಮೊದಲ ಮನೆ ಹೊನ್ನಮ್ಮನದು. ಮದುವೆ, ಬಾಣಂತನ, ಜಗಳ, ರಾಜಿ, ಗರಡಿ ಬೀದಿಯಲ್ಲಿ ಏನಾದರೂ ಆಗಬೇಕಾದರೆ ಅವಳು ಹೂಂ ಅನ್ನಬೇಕು. ಜಗಲಿಯಲ್ಲೇ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದಳು.

"ಹೊನ್ನಮ್ಮ, ನಿಮ್ಮ ಬೀದೀಲಿ ಉಪ್ಪು ಏನಾಯ್ತು?"

"ಗೊತ್ತಾಯ್ತಾ?" ಅವಳ ಮುಖ ಹೆಮ್ಮೆಯಿಂದ ಅರಳಿತು. "ನಮ್ ಸಿದ್ದಯ್ಯನೋರಿಗೆ ಹೋದ್ ತಿಂಗ್ಳು ತಲೆ ಸುತ್ತು ಬಂದು ಬಿದ್ಬಿಟ್ರಲ್ಲ. ಬಿಪಿ ಅಂತೆ. ಉಪ್ಪು ಬಿಡಿ ಅಂದ್ರಂತೆ ಡಾಕ್ಟ್ರು. ಆ ಮನುಷ್ಯ ಸಪ್ಪೆ ಮುದ್ದೆ ನುಂಗ್ತಾ ಕೂತಿರ್ಬೇಕಾದ್ರೆ, ನಾವು ಉಪ್ಪಿನಕಾಯಿ ನೆಕ್ಕೊಂಡು ಅವರ್ ಬಾಯಲ್ಲಿ ನೀರೂರ್ಸೋದಾ? ಅದಕ್ಕೇ ಬೀದಿಗೇ ಉಪ್ಪಿಲ್ಲ ಅಂತ ತೀರ್ಮಾನ ಮಾಡ್ಬಿಟ್ವಿ. ಒಂದ್ ಮನೇಲೂ ಚಿಟಿಕೆ ಹಾಕಂಗಿಲ್ಲ. ಮೂರು ವಾರ ಆಯ್ತು ಮೇಡಂ. ಒಬ್ರೂ ತಪ್ಪಿಲ್ಲ."

ಸಿದ್ದಯ್ಯನವರು ಆ ಬೀದಿಯ ಹಿರಿಯರು, ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಬೀದಿಯ ಅರ್ಧ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವರು ಅವರೇ. ಅವರಿಗಾಗಿ ಜನ ಉಪ್ಪೇನು, ಅನ್ನವನ್ನೇ ಬಿಡುತ್ತಿದ್ದರು. ನನಗೆ ಹೊನ್ನಮ್ಮನನ್ನು ಅಪ್ಪಿಕೊಳ್ಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಎರಡಕ್ಕೂ ಸಮಯವಿರಲಿಲ್ಲ, ದತ್ತೋಬನ ಮನೆಗೆ ಓಡಿದೆ.

ದತ್ತೋಬ ಹೊಲಿಗೆ ಯಂತ್ರದ ಪಕ್ಕ ನೆಲದ ಮೇಲೆ ಕೂತಿದ್ದ. ಏಳಲು ಹೋಗಿ ಬಿದ್ದಿದ್ದನಂತೆ. ನನ್ನನ್ನು ನೋಡಿ ಏನೋ ಹೇಳಿದ, ಒಂದು ಪದವೂ ತಿಳಿಯಲಿಲ್ಲ. ಬೆಳಿಗ್ಗೆಗಿಂತ ಕಣ್ಣು ಮಂಕಾಗಿತ್ತು. ಅನಸೂಯಾ ಪಕ್ಕದಲ್ಲಿ ನೀರಿನ ಲೋಟ ಹಿಡಿದುಕೊಂಡು ಅಳುತ್ತಿದ್ದಳು.

"ಉಪ್ಪು ಬಿಟ್ಟಿದ್ದು ಯಾಕೆ ಹೇಳ್ಲಿಲ್ಲ ಅನಸೂಯಾ? ಏರಿಸೋದು ಇಳಿಸೋದು ಮಾಡ್ಬೇಡಿ ಅಂತ ಹೇಳಿದ್ನಲ್ಲ."

"ನಂಗೆ ನೆನಪಿತ್ತು ಮೇಡಂ, ಇವ್ರಿಗೂ ನೆನಪಿತ್ತು," ಎಂದಳು ಬಿಕ್ಕುತ್ತಾ. "ಒಂದ್ ಚಿಟಿಕೆ ಹಾಕಿದ್ರೂ ಇಡೀ ಬೀದಿಗೆ ಗೊತ್ತಾಗತ್ತೆ. ಹಾಕ್ತೀನಿ ಅಂದ್ರೆ ಇವ್ರು ಬಿಡ್ಲಿಲ್ಲ. ಇಷ್ಟ್ ವರ್ಷ ನನ್ ಮಾತ್ರೆ ತಗಡನ್ನ ಬೀದಿಯೋರು ಬಾಯ್ಮುಚ್ಕೊಂಡು ನುಂಗಿದಾರೆ, ಒಂದ್ ದಿನ ಒಬ್ರೂ ಮುಖ ಸಿಂಡರಿಸ್ಲಿಲ್ಲ, ಈಗ ಅವ್ರು ಮೊದಲ್ನೇ ಸಲ ಏನೋ ಕೇಳ್ತಿದಾರೆ, ನಾನು ಹೆಂಗ್ ಇಲ್ಲ ಅನ್ಲಿ ಅಂದ್ರು. ಆಸ್ಪತ್ರೇಲಿ ಹೇಳಿದ್ರೆ ನೀವು ಬಂದು ಬೀದಿಯೋರನ್ನ ಬೈತೀರ ಅಂತ ಬಾಯಿ ಬಿಡ್ಬೇಡ ಅಂದ್ರು."

ಉಪ್ಪಿಗೂ ಲಿಥಿಯಮ್ಮಿಗೂ ನಮ್ಮ ಕಿಡ್ನಿಯಲ್ಲಿ ಒಂದೇ ಬಾಗಿಲು. ಮೈಯಲ್ಲಿ ಉಪ್ಪು ಕಡಿಮೆಯಾದಾಗ ಕಿಡ್ನಿ ಗಾಬರಿಯಾಗಿ, ಇರುವ ಉಪ್ಪನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ, ಜೊತೆಗೆ ಲಿಥಿಯಮ್ಮನ್ನೂ ಹಿಡಿದುಕೊಳ್ಳುತ್ತದೆ. ದತ್ತೋಬ ನುಂಗಿದ್ದು ಅದೇ ಮಾತ್ರೆ, ಅಷ್ಟೇ ಮಾತ್ರೆ. ಮೈಯಲ್ಲಿ ಅದು ದಿನದಿನವೂ ಏರುತ್ತಾ ಹೋಗಿತ್ತು. ಇದರ ಮೇಲೆ ನಾವು ಇನ್ನೊಂದು ಮಾತ್ರೆ ಏರಿಸಿದ್ದರೆ ಅವನು ಉಳಿಯುತ್ತಿರಲಿಲ್ಲ.

ಸೈಕಲ್ ಅಂಗಡಿಯವನು ಆಟೋ ತಂದ. ನಾನು, ಅನಸೂಯಾ, ಹೊನ್ನಮ್ಮ ಮೂವರೂ ಸೇರಿ ದತ್ತೋಬನನ್ನು ಎತ್ತಿ ಕೂರಿಸಿದೆವು. ಹಬೀಬಾ ಮೇಡಂ ನನ್ನ ಎರಡು ಮಾತು ಕೇಳಿದ್ದೇ ಲಿಥಿಯಂ ನಿಲ್ಲಿಸಿ, ಸಲೈನ್ ಹಾಕಿಸಿ, ರಾತ್ರಿಯೆಲ್ಲ ನಾಡಿ ನೋಡುತ್ತಿರಬೇಕೆಂದು ನರ್ಸಿಗೆ ಹೇಳಿದರು. ಮಾರನೆಯ ದಿನ ಲ್ಯಾಬಿನಿಂದ ಫೋನು ಬಂತು. ಲಿಥಿಯಂ ಇರಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಫೋನಿಟ್ಟು ಹಬೀಬಾ ಮೇಡಂ, "ನಾಳೆಯಿಂದ ನನ್ ಮೊದಲ್ನೇ ಪ್ರಶ್ನೆ, ನಿಮ್ ಬೀದೀಲಿ ಏನಡಿಗೆ," ಎಂದರು. ನಾವಿಬ್ಬರೂ ನಕ್ಕೆವು, ನಗುವುದಕ್ಕೆ ಇನ್ನೂ ಭಯವಿತ್ತು. ಔಷಧ ಇಳಿದರೂ ಎಲ್ಲರ ಮೆದುಳೂ ಮೊದಲಿನಂತಾಗುತ್ತದೆ ಎಂದು ಹೇಳಲಾಗುವುದಿಲ್ಲ. ಕೆಲವರಿಗೆ ನಡುಕ, ತೊದಲು ಉಳಿದುಬಿಡುತ್ತದೆ. ಅದನ್ನು ನಾನು ಅನಸೂಯಾಗೆ ಹೇಳಿದೆ. ಹೇಳದಿರುವುದು ನನ್ನ ಕೆಲಸದಲ್ಲಿ ಇಲ್ಲ.

ಅಂದು ಸಂಜೆ ಗರಡಿಯ ಮುಂದೆ ಬೀದಿಯವರನ್ನೆಲ್ಲ ಸೇರಿಸಿದೆ. ಏನೇನು ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಆದರೆ ಎಲ್ಲರೂ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದನ್ನು ನೋಡಿ ಅರ್ಧ ಮರೆತುಹೋಯಿತು. ಮೂರು ವಾರ ಉಪ್ಪಿಲ್ಲದೆ ತಿಂದ ಜನ, ಬೈಸಿಕೊಳ್ಳಲೂ ಅವರಲ್ಲಿ ತ್ರಾಣವಿರಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದೆ. ಸಿದ್ದಯ್ಯನವರಿಗೆ ಉಪ್ಪು ಇಳಿಸಬೇಕಾದ್ದು ನಿಜ, ದತ್ತೋಬನಿಗೆ ಇಳಿಸಬಾರದೆಂಬುದೂ ನಿಜ, ಒಬ್ಬರ ಪಥ್ಯ ಇನ್ನೊಬ್ಬರಿಗೆ ಕುತ್ತಾಗಬಹುದು ಎಂದೆ. ದತ್ತೋಬ ಯಾಕೆ ಬಾಯಿ ಬಿಡಲಿಲ್ಲ ಎಂಬುದನ್ನೂ ಹೇಳಿದೆ.

ಸಿದ್ದಯ್ಯನವರು ಗರಡಿಯ ಕಟ್ಟೆಯಿಂದ ಎದ್ದು ಗಂಟಲು ಸರಿಮಾಡಿಕೊಂಡರು.

"ನಾನೂ ಒಂದ್ ಮಾತು ಹೇಳ್ಬೇಕು. ಡಾಕ್ಟ್ರು ಉಪ್ಪು ಬಿಡಿ ಅಂದಾಗ ನಂಗೇನೂ ಬೇಜಾರಾಗ್ಲಿಲ್ಲ. ನನ್ ತಟ್ಟೇಲಿ ಇಲ್ದಿದ್ರೇನು, ಹೊನ್ನಮ್ಮನ ಸಾರಿದೆ, ಅನಸೂಯನ ಕಡ್ಲೆಹಿಟ್ಟಿನ ಝುಣಕ ಇದೆ, ಸಪ್ಪೆ ಮುದ್ದೆ ನುಂಗ್ತಾ ಎಲ್ಲಾ ಮನೆ ಉಪ್ಪೂ ಬಿಟ್ಟಿ ಸಿಗತ್ತೆ ಅಂದ್ಕಂಡಿದ್ದೆ. ಮೊದಲ್ನೇ ದಿನ ಹಂಗೇ ಉಂಡೆ. ಮಾರನೇ ದಿನ ನೋಡ್ತೀನಿ, ಇಡೀ ಬೀದೀಲಿ ಉಪ್ಪಿಲ್ಲ. ನನಗೋಸ್ಕರ ಮಾಡಿದಾರೆ ಅಂತ ಗೊತ್ತಾಯ್ತು. ಇಷ್ಟ್ ಪ್ರೀತಿಯಿಂದ ಮಾಡಿರೋದನ್ನ ಬೇಡ ಅನ್ನೋಕ್ ಬಾಯಿ ಬರ್ಲಿಲ್ಲ."

"ಅಯ್ಯೋ ನಿಮ್ ಮನೆ ಕಾಯ್ವಾಗ," ಎಂದು ಹೊನ್ನಮ್ಮ ಅಲ್ಲೇ ಕುಸಿದು ಕೂತಳು. ಒಬ್ಬರು ಮೊದಲು ನಕ್ಕರು, ಯಾರೆಂದು ಗೊತ್ತಾಗಲಿಲ್ಲ. ಆಮೇಲೆ ಎಲ್ಲರೂ ನಗತೊಡಗಿದರು. ಅಳುತ್ತಾ ನಗುತ್ತಿದ್ದರು. ಮರ್ಯಾದೆಯ ಕಾಟಕ್ಕೆ ಸಿಕ್ಕಿ ಒಂದು ಬೀದಿಯೇ ಸಪ್ಪೆ ತಿಂದಿತ್ತು, ಅದರಲ್ಲಿ ಒಬ್ಬ ಸಾಯುವುದರಲ್ಲಿದ್ದ.

ನಗು ನಿಂತ ಮೇಲೆ ಹೊನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದಳು. "ಆ ತಗಡಿನ ರುಚಿ ನಾವು ಸಹಿಸ್ಕೊಂಡಿದ್ವಿ ಅಂದ್ಕಂಡಿದಾನಾ ಆ ಪೆದ್ದ? ದಿನಾ ರಾತ್ರಿ ಅದು ಬಾಯಿಗ್ ಬಂದ ಮೇಲೇನೇ ನಾನು ದೀಪ ಆರ್ಸೋದು. ದತ್ತೋಬ ನುಂಗ್ದ, ನಾಳೆ ಚೆನ್ನಾಗಿರ್ತಾನೆ ಅಂತ. ನಿನ್ನೆ ಬರ್ಲಿಲ್ಲ ನೋಡಿ, ನಮ್ ಬೀದೀಲಿ ಒಬ್ರೂ ಕಣ್ಮುಚ್ಲಿಲ್ಲ." ಇದನ್ನು ಮೂರು ವಾರ ಮೊದಲೇ ದತ್ತೋಬನಿಗೆ ಯಾರಾದರೂ ಹೇಳಿದ್ದರೆ ಎಂದುಕೊಂಡೆ.

ಎರಡು ದಿನ ಕಳೆಯಿತು. ರಕ್ತದಲ್ಲಿ ಲಿಥಿಯಂ ಇಳಿಯುತ್ತಾ ಬಂತು, ಕೈನಡುಕವೂ ಅರ್ಧಕ್ಕರ್ಧ ಇಳಿಯಿತು. ಆದರೆ ದತ್ತೋಬ ಬಾಯಿಗೆ ಏನೂ ತೆಗೆದುಕೊಳ್ಳಲಿಲ್ಲ. ತುತ್ತು ಹತ್ತಿರ ತಂದರೆ ಮುಖ ತಿರುಗಿಸುತ್ತಿದ್ದ. ಮಾತಾಡಿದರೆ ಇನ್ನೂ ಗೊಣಗಿದಂತೆ ಬರುತ್ತಿತ್ತು, ಅನಸೂಯಾಗೂ ತಿಳಿಯುತ್ತಿರಲಿಲ್ಲ. ಅವಳು ನನ್ನನ್ನು ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದಳು. ಹಬೀಬಾ ಮೇಡಂ, "ಮೈಗೆ ಸಲೈನ್ ಸಾಕು, ಮನಸ್ಸಿಗೆ ಊಟ ಬೇಕು. ಏನಾದ್ರೂ ತಿನ್ನಿಸಿ," ಎಂದು ದಿನಕ್ಕೆ ಎರಡು ಸಲ ಬಂದು ನೋಡಿ ಹೋಗುತ್ತಿದ್ದರು. ನಮ್ಮ ಆಸ್ಪತ್ರೆ ಬೀದಿಯ ರುಚಿ ನಿಮಗೆ ಗೊತ್ತಿಲ್ಲ. ಕ್ಯಾಂಟೀನಿನ ತಣ್ಣಗಾದ ಉಪ್ಪಿಟ್ಟು, ನೂರು ಮಂದಿಯ ಮಾತ್ರೆ, ಗಂಜಿ. ಅದರ ನಡುವೆ ಹಸಿವಾಗುವುದಕ್ಕೆ ಗಟ್ಟಿ ಜೀವವೇ ಬೇಕು.

ಮೂರನೆಯ ದಿನ ಮಧ್ಯಾಹ್ನ ಗೇಟಿನ ಹತ್ತಿರ ಗಲಾಟೆ ಕೇಳಿ ಹೋದೆ. ಗರಡಿ ಬೀದಿಯವರು ಬಂದಿದ್ದರು. ಕ್ಯಾರಿಯರ್, ಡಬ್ಬಿ, ಬಾಳೆಎಲೆ, ಒಬ್ಬರ ತಲೆಯ ಮೇಲೆ ಸಾರಿನ ಪಾತ್ರೆ. ಕಾವಲುಗಾರ ಗೇಟು ಅಡ್ಡಗಟ್ಟಿ, "ಹೊರಗಿನ್ ಊಟ ವಾರ್ಡಿಗೆ ಬಿಡಂಗಿಲ್ಲ," ಎನ್ನುತ್ತಿದ್ದ.

"ವಾರ್ಡಿಗ್ ಯಾರ್ ಕೇಳಿದ್ರು?" ಎಂದಳು ಹೊನ್ನಮ್ಮ. "ನಾವು ಈ ಮರದ ಕೆಳಗೆ ಕೂತು ಉಣ್ತೀವಿ. ನಮ್ ಹೊಟ್ಟೆಗೆ ನಾವು ಉಣ್ಣೋದಕ್ಕೂ ಚೀಟಿ ಬೇಕಾ?"

ಕಾವಲುಗಾರ ನನ್ನ ಮುಖ ನೋಡಿದ. ನಾನು ಹಬೀಬಾ ಮೇಡಂ ಮುಖ ನೋಡಿದೆ, ಅವರೂ ಸದ್ದು ಕೇಳಿ ಮೆಟ್ಟಿಲ ಮೇಲೆ ಬಂದು ನಿಂತಿದ್ದರು. "ಅಂಥ ನಿಯಮ ಏನೂ ಇಲ್ಲ, ಕೂತ್ಕೊಳ್ಳಿ," ಎಂದರು. ಸಿದ್ದಯ್ಯನವರು ಎಲೆ ಹಾಸಿ ಎಲ್ಲರನ್ನೂ ಸಾಲಾಗಿ ಕೂರಿಸಿದರು. ತಾವು ಮಾತ್ರ ತುದಿಯಲ್ಲಿ ಬೇರೆ ಡಬ್ಬಿ ತೆಗೆದು ಸಪ್ಪೆ ಮುದ್ದೆಯನ್ನು ಬಹಳ ಸಂತೋಷದಿಂದ ಮುಂದಿಟ್ಟುಕೊಂಡರು.

ನಾನು ಮಹಡಿಯ ವಾರ್ಡಿಗೆ ಓಡಿದೆ. ಅನಸೂಯಾ ಗಂಡನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ದತ್ತೋಬ ಸೂರು ನೋಡುತ್ತಾ ಮಲಗಿದ್ದ. ಮೊದಲು ಅನ್ನ ಬಂತು, ಆಮೇಲೆ ತುಪ್ಪ, ಆಮೇಲೆ ಸಾರು. ಬೇಳೆ, ಮೆಣಸು, ಇಂಗಿನ ಒಗ್ಗರಣೆ, ಅವುಗಳ ಮೇಲೆ ದಿಟ್ಟವಾಗಿ, ಉದಾರವಾಗಿ ಉಪ್ಪು. ವಾರ್ಡಿನಲ್ಲಿ ಒಬ್ಬೊಬ್ಬರೇ ತಲೆ ಎತ್ತಿದರು. ಎರಡು ವಾರದಿಂದ ಯಾರೊಡನೆಯೂ ಮಾತಾಡದಿದ್ದ ಮೂಲೆಯ ಹಾಸಿಗೆಯ ಯುವಕ ಎದ್ದು ಕೂತು ಬಾಯಿ ಚಪ್ಪರಿಸಿದ. ನರ್ಸ್ ಮಾತ್ರೆಯ ತಟ್ಟೆ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತುಬಿಟ್ಟಳು.

ದತ್ತೋಬನ ತುಟಿ ಅಲುಗಿತು. ಒಮ್ಮೆ ನುಂಗಿದ, ಮತ್ತೊಮ್ಮೆ ನುಂಗಿದ. ಏನೋ ಲೆಕ್ಕ ಹಾಕುವವನಂತೆ ಹಣೆ ಗಂಟಿಕ್ಕಿಕೊಂಡ. ಆಮೇಲೆ ಹೆಂಡತಿಯ ಕಡೆ ತಿರುಗಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುವಂತೆ ಹೇಳಿದ.

"ಹೊನ್ನಕ್ಕ ಹುಣಸೆಹಣ್ಣು ಜಾಸ್ತಿ ಹಾಕಿದಾಳೆ."

ಅನಸೂಯಾ ಸ್ಟೂಲಿನಿಂದ ಎದ್ದಳು. ಏಳುವಾಗ ನೀರಿನ ಲೋಟ ಉರುಳಿತು, ಅವಳು ನೋಡಲಿಲ್ಲ. ಅವನ ಬಾಯಿಯ ಮೇಲೆ ಕೈಯಿಟ್ಟು, "ಇನ್ನೊಂದ್ ಸಲ ಹೇಳಿ," ಎಂದಳು. ಅವನು ಇನ್ನೊಂದು ಸಲ ಹೇಳಿದ. ಒಂದಕ್ಷರವೂ ತೊದಲಲಿಲ್ಲ. ನಾನು ಕಿಟಕಿಗೆ ಹೋಗಿ ಕೆಳಗೆ ಕೂಗಿ ಹೇಳಿದೆ. "ಹೊನ್ನಮ್ಮ, ದತ್ತೋಬ ಮಾತಾಡಿದ್ರು. ನಿಮ್ ಸಾರಲ್ಲಿ ಹುಳಿ ಜಾಸ್ತಿಯಂತೆ."

ತನ್ನ ಸಾರಿನ ಬಗ್ಗೆ ಯಾರು ಒಂದು ಮಾತೆತ್ತಿದರೂ ಸಹಿಸದ ಹೊನ್ನಮ್ಮ ತುತ್ತು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿ ಮೇಲೆ ನೋಡಿದಳು. ಎಲೆಯ ಮುಂದೆ ಕೂತ ಅಷ್ಟೂ ಜನ ಮೇಲೆ ನೋಡಿದರು. ಹೊನ್ನಮ್ಮನ ಮುಖ ಮೆಲ್ಲಗೆ ಮುದುಡಿತು. ಅವಳು ಎಡಗೈಯಿಂದ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಪಕ್ಕದಲ್ಲಿದ್ದವರೂ ಅತ್ತರು. ಸಾಲಿನಲ್ಲಿ ಒಬ್ಬರೂ ಉಣ್ಣುತ್ತಿರಲಿಲ್ಲ. ನಮ್ಮ ಬಾಯಲ್ಲಿ ಸಾರಿನ ರುಚಿ ಸಣ್ಣಗಾಗುತ್ತಾ ಬಂದು ಕೊನೆಗೆ ಇಲ್ಲವಾಯಿತು.

ಹಿಂದಿನಿಂದ ದತ್ತೋಬನ ದನಿ ಕೇಳಿತು. ಅವನು ಮೊಣಕೈ ಊರಿ ಅರ್ಧ ಎದ್ದಿದ್ದ, ಹೆಂಡತಿ ಬೆನ್ನಿಗೆ ದಿಂಬು ಕೊಡುತ್ತಿದ್ದಳು.

"ಯಾಕ್ ನಿಲ್ಸಿದ್ರು?" ಎಂದ. "ಉಣ್ಣೋಕ್ ಹೇಳಿ ಮೇಡಂ. ನಂಗಿನ್ನೂ ಹಸಿವಿದೆ."